ಅಪ್ಪನೆದುರಿನ ಮಣೆ

ತನ್ಮಯಿ,

“ಇನ್ಮೇಲೆ ಯಾರಿಗೋಸ್ಕರ ಓದ್ಲಿ?” ಬೆಳಿಗ್ಗೆ ಅಪ್ಪ ಕಾವ್ಯದ ಪುಸ್ತಕಕ್ಕೆ ವಸ್ತ್ರ ಸುತ್ತುತ್ತಾ ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ನಾನು ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದೆ.

ದೇವಸ್ಥಾನಕ್ಕೆ ಹೋಗಿ, ಹಾಗೇ ಅಶೋಕಪುರಂ ಟೈಲರ್ ಹತ್ತಿರ ನಿನ್ನ ಬ್ಲೌಸು ಇಸಕೊಂಡು ಬರುತ್ತೇನೆ. ಹಾಲು ಆರಿದ ಮೇಲೆ ಹೆಪ್ಪು ಹಾಕು. ಜರ್ಮನಿಗೆ ಅಂತ ಅಮ್ಮ ಮಾಡಿದ ಮೆಂತ್ಯದ ಹಿಟ್ಟನ್ನು ನಿನ್ನ ಗಂಡನ ಸೂಟ್‌ಕೇಸಿಗೆ ತುಂಬು, ನಿನ್ನದು ಆಗಲೇ ತೂಕ ಮೀರಿದೆ.

ನೀವಿಬ್ಬರು ಹೊರಡುವುದರೊಳಗೆ ಮುಗಿಸಬೇಕು ಅಂತ ಅಪ್ಪ ದಿನಕ್ಕೆ ಐವತ್ತು ಪದ್ಯ ಓಡಿಸುತ್ತಿದ್ದಾರೆ. ನಿನ್ನೆ ನನಗಿಷ್ಟವಾದ ಸಂಧಿಯನ್ನೇ ಹಾರಿಸಿಬಿಟ್ಟರು. ಇಪ್ಪತ್ತು ವರ್ಷ ಗೋಡೆಗೆ ಒರಗಿ ಕೇಳಿದವಳು ನಾನು. ಅಪ್ಪ ಹಾಡಿದ ಪದ್ಯಕ್ಕೆ ಅರ್ಥ ಹೇಳುವವಳು ಅಂತ ಎದುರಿನ ಮಣೆ ಮಾತ್ರ ನಿನಗೆ. ಆ ಅರ್ಥವೆಲ್ಲ ನನಗೂ ಗೊತ್ತಿತ್ತು ಕಣೇ, ಯಾರೂ ನನ್ನನ್ನು ಕೇಳಲಿಲ್ಲ, ಅಷ್ಟೆ.

ನಿಮ್ಮ ವೀಸಾ ಬಂದ ದಿನ ನಾನು ಅತ್ತಿದ್ದು ಸುಳ್ಳಲ್ಲ. ಆದರೆ ಅವತ್ತು ದೇವರಿಗೆ ದೀಪ ಹಚ್ಚುವಾಗ, ಇನ್ನು ಆ ಮಣೆ ಖಾಲಿಯಾಗುತ್ತದೆ ಅಂತ ಸಂತೋಷವೂ ಆಯಿತು. ದೇವರಿಗೆ ತಪ್ಪುಕಾಣಿಕೆ ಹಾಕಿದ್ದೇನೆ.

ಕೆಂಪು ಸ್ವೆಟರ್ ನನ್ನದು, ಪರವಾಗಿಲ್ಲ, ತಗೊಂಡು ಹೋಗು. ಅಲ್ಲಿ ಚಳಿ.

ಆಮೇಲೆ, ರಾತ್ರಿ ಕೇಳಿದೆಯಲ್ಲ, “ಅಕ್ಕಾ, ದಿನಾ ಓದೋ ಹೊತ್ಗೆ ವಿಡಿಯೋ ಕಾಲ್ ಮಾಡ್ತೀನಿ, ಫೋನ್ ನನ್ ಮಣೆ ಮೇಲೆ ಇಟ್ಬುಡು, ಅಲ್ಲಿಂದ್ಲೇ ಅರ್ಥ ಹೇಳ್ತೀನಿ” ಅಂತ.

ಇಡುವುದಿಲ್ಲ. ಅಲ್ಲಿ ನಾನು ಕೂರುತ್ತೇನೆ.