ಬುತ್ತಿ ಹೊತ್ತವರ ಹಾಜರಿ

ನ್ಯೂ ಟೌನ್, ಭದ್ರಾವತಿ
ಗುರುವಾರ, 17 ನವೆಂಬರ್ 1938

ಯಜಮಾನರಿಗೆ ಮಹಾಂತಮ್ಮನ ಶರಣು.

ಹೆಂಡತಿಯಾಗಿ ಬರೆಯಬೇಕಾದ ಮರ್ಯಾದೆ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದೆಲ್ಲ ಶಿವಮೊಗ್ಗದ ಶಾಲಾ ಸಮಿತಿಯ ಮೆಂಬರು ಶಿವಶಂಕರಪ್ಪನವರಿಗೆ. ಗಂಡನ ಹೆಸರು ಹೇಳಬಾರದೆಂದು ನನಗೆ ಕಲಿಸಿದ್ದಾರೆ. ಮೆಂಬರ ಹೆಸರು ಬರೆಯಬಾರದೆಂದು ಯಾರೂ ಕಲಿಸಿಲ್ಲ.

ನಿಮ್ಮ ಪತ್ರ ತಲುಪಿತು. ಶಾಲಾ ಇನ್‌ಸ್ಪೆಕ್ಟರ ವರದಿಯ ಪ್ರಕಾರ ನನ್ನ ಶಾಲೆಗೆ ಹುಡುಗಿಯರೇ ಬರುವುದಿಲ್ಲವಂತೆ. ಅದಕ್ಕೆ ಸೋಮವಾರದ ಸಭೆಯಲ್ಲಿ ಶಾಲೆ ಮುಚ್ಚಲು ಗೊತ್ತುವಳಿ ಮಾಡುತ್ತೀರಂತೆ. ಇಲ್ಲಿಯ ಗ್ರಾಂಟು ನಿಮ್ಮೂರಿನ ಗಂಡುಮಕ್ಕಳ ಶಾಲೆಯ ಮಹಡಿಗೆ ಹೋಗುತ್ತದಂತೆ. ಹೇಗೂ ಕೆಲಸ ಹೋಗುತ್ತದೆ, ಮೂರು ವರ್ಷದ ಹಟ ಬಿಟ್ಟು ಮನೆಗೆ ಬಾ ಎಂದಿದ್ದೀರಿ. ಹೆಂಡತಿಯನ್ನು ಕರೆಸಿಕೊಳ್ಳಲು ಒಳ್ಳೆಯ ದಾರಿ ಹುಡುಕಿದಿರಿ ಮಾರಾಯರೇ!

ನಾನು ಬರುವುದಿಲ್ಲ. ಶಾಲೆಯನ್ನೂ ಮುಚ್ಚುವುದಿಲ್ಲ.

ಇನ್‌ಸ್ಪೆಕ್ಟರು ಬಂದ ದಿನ ಏನಾಯಿತೆಂದು ನಿಮಗೆ ಯಾರೂ ಹೇಳಿರಲಾರರು, ನಾನೇ ಹೇಳುತ್ತೇನೆ. ಅವರು ಬಂದದ್ದು ಕಬ್ಬಿಣದ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆಗಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ. ಆ ಹೊತ್ತಿಗೆ ಇಲ್ಲಿಯ ಹುಡುಗಿಯರು ಎಲ್ಲಿರುತ್ತಾರೆಂದು ನ್ಯೂ ಟೌನಿನ ನಾಯಿಗೂ ಗೊತ್ತು. ತಾಯಂದಿರು ಇದ್ದಿಲು ಹೊರಲು ಹೋಗಿರುತ್ತಾರೆ. ಅಪ್ಪಂದಿರಿಗೆ, ಅಣ್ಣಂದಿರಿಗೆ, ಪಕ್ಕದ ಮನೆಯವರಿಗೂ ಸೇರಿಸಿ ಬುತ್ತಿ ಹೊತ್ತು ಗೇಟಿನ ಮುಂದೆ ನಿಲ್ಲುವವರು ಈ ಹುಡುಗಿಯರೇ. ತಡವಾದರೆ ಗೇಟು ಹಾಕುತ್ತಾರೆ, ಕುಲುಮೆಯ ಮುಂದೆ ಬೆಂದವನು ಹಸಿದೇ ಇರಬೇಕು. ಸಾಹೇಬರೇ, ಸ್ವಲ್ಪ ಕೂತಿರಿ, ಊಟ ಮುಟ್ಟಿಸಿ ಓಡಿ ಬರುತ್ತಾರೆ ಎಂದೆ. ಅವರಿಗೆ ರೈಲಿಗೆ ಹೊತ್ತಾಗಿತ್ತು. ಇದ್ದ ಪುಟ್ಟ ಮಕ್ಕಳನ್ನಷ್ಟೇ ಎಣಿಸಿ ಬರೆದುಕೊಂಡು ಹೋದರು. ಅವರು ಪೇಟೆ ಬೀದಿ ದಾಟುವ ಮೊದಲೇ ದೊಡ್ಡ ಕ್ಲಾಸಿನ ಮುನಿಯಮ್ಮ ಖಾಲಿ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಏದುಸಿರು ಬಿಡುತ್ತಾ ಬಂದಳು. ಅವಳ ಹಿಂದೆ ಉಳಿದವರೂ ಬಂದರು. ನನಗೆ ಅಳು ಬಂತು. ಮಕ್ಕಳ ಮುಂದೆ ಅಳಬಾರದೆಂದು ಮಗ್ಗಿ ಹೇಳಿಸಿದೆ.

ನಾನು ನಿಯಮ ಮೀರಿದ್ದೇನೆಂದು ಬರೆದಿದ್ದೀರಿ. ಮೀರಿದ್ದೇನೆ. ಶಾಲೆಯ ಹೊತ್ತನ್ನು ಸೈರನ್ನಿಗೆ ಹೊಂದಿಸಿಕೊಡಿ ಎಂದು ಸಮಿತಿಗೆ ಅರ್ಜಿ ಮೇಲೆ ಅರ್ಜಿ ಹಾಕಿದೆ. ಉತ್ತರ ಬರಲಿಲ್ಲ. ದಸರಾ ರಜೆ ಮುಗಿದ ಮೇಲೆ ನಾನೇ ಹೊಂದಿಸಿಕೊಂಡೆ. ಬೆಳಗಿನ ತಂಪಿನಲ್ಲಿ ಒಂದು ಸಲ, ಬುತ್ತಿ ಕೊಟ್ಟು ಬಂದ ಮೇಲೆ ಇನ್ನೊಂದು ಸಲ ಗಂಟೆ ಹೊಡೆಯುತ್ತೇನೆ. ಅಂದಿನಿಂದ ಒಬ್ಬಳೂ ಶಾಲೆ ಬಿಟ್ಟಿಲ್ಲ. ಇದಕ್ಕೆ ನಿಮ್ಮ ಸಮಿತಿ ಬಿಚ್ಚಬೇಕಾಗಿದ್ದು ಹಣದ ಗಂಟನ್ನಲ್ಲ, ಬಾಯಿಯನ್ನು. ಒಂದು ಮಾತು ಸಾಕಿತ್ತು.

ಗಂಡುಮಕ್ಕಳಿಗೆ ಮಹಡಿ ಬೇಡವೆಂದು ನಾನು ಹೇಳುವುದಿಲ್ಲ, ಅವರೂ ಮಕ್ಕಳೇ. ಆದರೆ ಇಲ್ಲಿ ಸೋರುವ ಕಡೆ ಹೆಂಚಿಲ್ಲ, ಅಷ್ಟೂ ಕ್ಲಾಸುಗಳಿಗೆ ನಾನೊಬ್ಬಳೇ ಇದ್ದೇನೆ. ಮೊದಲು ಹೆಂಚು ಹೊದಿಸಿ, ಇನ್ನೊಬ್ಬ ಉಪಾಧ್ಯಾಯಿನಿಯನ್ನು ಕೊಡಿ, ಆಮೇಲೆ ನಿಮ್ಮ ಮಹಡಿಯ ಗೋಡೆಗೆ ಮೆಂಬರುಗಳ ಹೆಸರಿನ ಕಲ್ಲು ಕೂರಿಸಿ. ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯದವರು ಶಾಲಾ ಸಮಿತಿಯಲ್ಲಿ ಕೂತು ಏನು ಮಾಡುತ್ತೀರಿ?

ಇನ್‌ಸ್ಪೆಕ್ಟರಿಗೆ ಬುತ್ತಿಯ ವಿಷಯ ಗೊತ್ತಿರಲಿಲ್ಲ, ಕ್ಷಮಿಸಬಹುದು. ನಿಮಗೆ ಗೊತ್ತಿತ್ತಲ್ಲ? ನೀವು ಇದೇ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದಾಗ ಇದೇ ಗೇಟಿಗೆ ಬುತ್ತಿ ತಂದವಳು ನಿಮ್ಮ ತಂಗಿ ಗಿರಿಜೆ. ಬಿಸಿ ಮುದ್ದೆ ನಿಮ್ಮ ಹೊಟ್ಟೆಗೆ ಬಿತ್ತು, ಅವಳ ಹೆಸರು ಶಾಲೆಯಿಂದ ಬಿತ್ತು. ಇವತ್ತಿಗೂ ನಿಮಗೆ ಒಂದು ಪತ್ರ ಬರೆಸಬೇಕಾದರೆ ಅವಳು ಪಕ್ಕದ ಮನೆಯವರ ಮುಂದೆ ಕೂರಬೇಕು. ಅತ್ತಿಗೆ, ಊರವರಿಗೆಲ್ಲ ಕೇಳಿಸಿ ಅಣ್ಣನಿಗೆ ಏನಂತ ಬರೆಸಲಿ ಎಂದು ನನ್ನ ಹತ್ತಿರ ಅತ್ತಿದ್ದಳು. ನಿಮ್ಮ ಮೇಲೆ ನನಗೆ ಸಿಟ್ಟಿರುವುದು ಅದಕ್ಕೇ. ನಾವು ಬೇರೆ ಇರುವುದಕ್ಕಲ್ಲ.

ಇಲ್ಲಿಯ ತಾಯಂದಿರು ಕಳಿಸಿದ ಅರ್ಜಿಯನ್ನು ಹಿಂದಿನ ಸಭೆಯಲ್ಲಿ ಓದಲೇ ಇಲ್ಲವಂತೆ. ಎಲ್ಲ ಹೆಬ್ಬೆಟ್ಟುಗಳು, ಇವಕ್ಕೆ ಶಾಲೆ ಅಂದರೆ ಏನು ಗೊತ್ತು ಎಂದು ನೀವೇ ನಕ್ಕಿರಂತೆ. ನಗಿ. ಸೋಮವಾರ ಬೆಳಗಿನ ರೈಲಿಗೆ ನಾವೆಲ್ಲ ಶಿವಮೊಗ್ಗಕ್ಕೆ ಬರುತ್ತೇವೆ. ಅಪ್ಪಂದಿರು ಅವತ್ತು ತಣ್ಣನೆಯ ರೊಟ್ಟಿ ಕಟ್ಟಿಕೊಂಡು ಹೋಗಲು ಒಪ್ಪಿದ್ದಾರೆ. ಮುನಿಯಮ್ಮನ ಅಪ್ಪನಂತೂ, ಒರು ನಾಳ್ ಪಸಿ ಪರವಾಯಿಲ್ಲೆ ಟೀಚರಮ್ಮಾ, ಒಂದು ದಿನದ ಹಸಿವು ತಾನೇ, ನೀವು ಹೋಗಿ ಬನ್ನಿ ಎಂದ. ನಿಮ್ಮ ಸಭೆಯ ಬಾಗಿಲಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತೇನೆ. ಹೊರಗೆ ಬಂದು ಒಬ್ಬೊಬ್ಬಳ ಮುಖ ನೋಡಿ ನೀವೇ ಎಣಿಸಿ. ಆಮೇಲೆ ಗೊತ್ತುವಳಿಗೆ ಕೈ ಎತ್ತುವುದಾದರೆ ಎತ್ತಿ.

ಅತ್ತೆಯವರು ಆಯನೂರಿಗೆ ತಮ್ಮನ ಮನೆಗೆಂದು ಹೋಗಿ ಮೂರು ತಿಂಗಳಾಯಿತು, ಸುದ್ದಿಯಿಲ್ಲ, ನಿನಗೇನಾದರೂ ಗೊತ್ತೇ ಎಂದು ಕೊನೆಗೆ ಕೇಳಿದ್ದೀರಿ. ಆರೋಗ್ಯವಾಗಿದ್ದಾರೆ. ಹೆಚ್ಚಿನದನ್ನು ಅವರೇ ಹೇಳಬೇಕು, ನಾನು ಹೇಳುವುದಿಲ್ಲ.

ನಿಮ್ಮ ಊಟ ಹೇಗೆ ನಡೆಯುತ್ತಿದೆ? ರಾತ್ರಿ ಮೊಸರು ತಿನ್ನಬೇಡಿ, ಕೆಮ್ಮು ಬರುತ್ತದೆ. ಇದು ಮೆಂಬರಿಗಲ್ಲ.

ಇಂತಿ,
ಮಹಾಂತಮ್ಮ
ಉಪಾಧ್ಯಾಯಿನಿ, ಸೋಮವಾರದ ನಂತರವೂ ಉಪಾಧ್ಯಾಯಿನಿಯೇ

ಮರೆತ ಮಾತು: ಇದರ ಕೆಳಗಿನದು ನನ್ನ ಬರಹವಲ್ಲ. ನಾನು ಕೈ ಹಿಡಿದು ಬರೆಸಿದ್ದೂ ಅಲ್ಲ.

ಶಂಕರ, ನಾನು ಅವ್ವ. ಆಯನೂರಿಗೆ ಹೋಗ್ಲಿಲ್ಲ. ಮಾಂತಿ ಶಾಲೇಲಿ ಹಿಂದಿನ ಸಾಲಲ್ಲಿ ಕೂತ್ಕೊಂಡಿದೀನಿ. ಮೊದ್ಲು ಗಿರಿಜೆಗೆ ಒಂದು ಕಾಗದ ಬರ್ದೆ, ಇದು ಎರಡನೇದು. ಸೋಮವಾರ ನಾನೂ ಬರ್ತೀನಿ. ಹುಡುಗೀರ್ನ ಎಣಿಸೋವಾಗ ನನ್ನೂ ಎಣಿಸು.
ಲಿಂಗಮ್ಮ