ಬರುವಾಗ ನಾಲ್ಕು ಊಟ

ರೀ,

ಫ್ಯಾಕ್ಟರಿ ಬಸ್ಸಿಗೆ ಹೊತ್ತಾಯ್ತು. ಚಿತ್ರಾನ್ನ ಮುಚ್ಚಿಟ್ಟಿದ್ದೀನಿ.

ದಾವಣಗೆರೆಗೆ ಹೋಗಿಬರೋ ಖರ್ಚು ಅಂತ ನೀವು ಬರೆದಿಟ್ಟ ಲೆಕ್ಕ ನೋಡಿದೆ. ಅಂಬಾಸಿಡರ್‌ಗೆ ಐವತ್ತೈದು ಲೀಟರ್ ಪೆಟ್ರೋಲು, ಡ್ರೈವರ್ ಬಾಟಾ, ಎಲ್ಲ ಸರಿ. ಹೋಗುವಾಗ ಐದು ಊಟ, ಬರುವಾಗ ನಾಲ್ಕೇ ಯಾಕೆ? ಅತ್ತೇನ ನಿಮ್ಮಣ್ಣನ ಮನೇಲಿ ಬಿಟ್ಟು ಬರ್ತೀರ ಅಂತ ಅವರಿಗೆ ಗೊತ್ತಾ? ನಿನ್ನೆ ನನ್ನ ಹತ್ರ, "ಬರೋವಾಗ ಕಿಟಕಿ ತಾವ ನಾನೇ ಕೂತ್ಕತೀನಿ ಕಣವ್ವ" ಅಂತಿದ್ರು.

ನಾನು ಅವರ ಜೊತೆ ದಿನಾ ಜಗಳ ಆಡ್ತೀನಿ, ನಿಜ. ಬಿಟ್ಟು ಬನ್ನಿ ಅಂತ ಯಾವತ್ತಾದ್ರೂ ಅಂದಿದ್ದೀನಾ?

ನಾಲ್ಕನ್ನ ಹೊಡೆದು ಐದು ಅಂತ ಬರೆದಿದ್ದೀನಿ. ದುಡ್ಡು ಸಾಲದಿದ್ರೆ ಬುತ್ತಿ ಕಟ್ತೀನಿ. ಪೆಟ್ರೋಲಂತೂ ನಾಲ್ಕು ಜನಕ್ಕೂ ಅಷ್ಟೇ, ಐದು ಜನಕ್ಕೂ ಅಷ್ಟೇ.

ಮತ್ತೆ ನಾಲ್ಕು ಮಾಡಲೇಬೇಕು ಅಂತಿದ್ರೆ, ನನ್ನ ಊಟ ಕಳೀರಿ.