ಹಳೆಯ ಎಳೆಗೆ ಹೊಸ ಎಳೆ

ದೊಡ್ಡಬಳ್ಳಾಪುರ
19-7-2014

ಅಮ್ಮಾ ಅರುಣಾ,

ನಿನಗೂ, ಇನ್ನೂ ಹೆಸರಿಡದ ನಮ್ಮ ಪುಟ್ಟಿಗೂ ಮಾವನ ಆಶೀರ್ವಾದ. ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಮಗು ಮಲಗುವುದೇ ಇಲ್ಲವೆಂದು ರವಿ ದೂರುತ್ತಿದ್ದ. ಚಿಕ್ಕವನಿದ್ದಾಗ ಅವನೂ ಹಾಗೇ ಇದ್ದ. ಆಗ ಬಾಕಿ ಉಳಿಸಿದ ನಿದ್ದೆಯನ್ನೆಲ್ಲ ಈಗ ಏರ್‌ಪೋರ್ಟಿನ ಶಿಫ್ಟು ಮುಗಿಸಿ ಬಂದು ಮಧ್ಯಾಹ್ನದವರೆಗೆ ತೀರಿಸುತ್ತಿದ್ದಾನೆ, ನಿನ್ನ ಗಂಡ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ನಿಮ್ಮಮ್ಮ ಬಟ್ಟೆ ಕಟ್ಟಿ, ಫೋನನ್ನೂ ಕಿತ್ತಿಟ್ಟಿದ್ದಾರಂತೆ. ಸರಿಯಾಗಿಯೇ ಮಾಡಿದ್ದಾರೆ. ಈ ಕಾಗದವನ್ನು ರವಿಯ ಕೈಲಿ ಕೊಟ್ಟರೆ ದಾರಿಯಲ್ಲೇ ಒಡೆದು ಓದುತ್ತಾನೆ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಕಂಪ್ಯೂಟರಿನಲ್ಲಿರುವ ನನ್ನ ಸೀರೆ ಅಂಚುಗಳೆಲ್ಲ ಕ್ಷೇಮ. ನೂರ ಎಂಬತ್ತಾರೂ ಕ್ಷೇಮ.

ಆದದ್ದು ಇಷ್ಟು. ಹೋದ ವಾರ ಬೆಳಿಗ್ಗೆ ಕರೆಂಟು ನಾಲ್ಕು ಸಲ ಹೋಗಿ ಬಂತು. ಮಗ್ಗಗಳು ಮತ್ತೆ ಎದ್ದವು, ಕಂಪ್ಯೂಟರು ಏಳಲಿಲ್ಲ. ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು, ಅಷ್ಟೇ. ರಿಪೇರಿಯ ಗಂಗಣ್ಣ ಬಂದು ಅಲ್ಲಿ ಇಲ್ಲಿ ಒತ್ತಿ ನೋಡಿ, “ವಿಂಡೋಸ್ ಹೊಂಟೋಗೈತೆ ಯಜಮಾನ್ರೇ, ಫಾರ್ಮ್ಯಾಟ್ ಮಾಡ್ಬೇಕು. ಒಳಗಿರೋದನ್ನ ಮರ್ತ್‌ಬಿಡಿ” ಎಂದ. ಸಂಜೆ ಬಂದು ಮಾಡಿಕೊಡುತ್ತೇನೆಂದು ಹೋದ. ಅಂಚು ಬರೆದಿಟ್ಟ ಗ್ರಾಫ್ ಹಾಳೆಗಳನ್ನು ಗೆದ್ದಲು ತಿಂದ ಮೇಲೆ ನನ್ನ ನಲವತ್ತು ವರ್ಷ ಇರುವುದು ಆ ಡಬ್ಬದಲ್ಲೇ ಅಲ್ಲವೇ? ರುದ್ರಾಕ್ಷಿ ಅಂಚು, ಗೋಪುರದ ಅಂಚು, ನಮ್ಮಪ್ಪ ಕೈಹಿಡಿದು ಬರೆಸಿದ ಹಂಸದ ಅಂಚು, ಒಂದೊಂದರ ಮೂಲೆಯಲ್ಲೂ ಬರೆದವನ ಗುರುತಿಗೆ ಒಂದು ‘ರಾ’. ಎರಡು ವರ್ಷ ಕೂತು ಅಷ್ಟನ್ನೂ ಅದರೊಳಗೆ ಏರಿಸಿದವಳು ನೀನು. ಸುಳ್ಳೇಕೆ ಹೇಳಲಿ, ಮಗ್ಗದ ಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಆಗ ನಿಮ್ಮತ್ತೆ ಗಂಗಲಕ್ಷ್ಮಿ ಬಂದು ಬಾಗಿಲು ಬಡಿದಳು. “ಸೊಸೆ ದೇವ್ರ ಗೂಡಲ್ಲಿ ಏನೋ ಇಟ್ಟೋಗವ್ಳಲ್ಲ, ಅದನ್ನಾದ್ರೂ ನೋಡಿ. ನಿಮ್ ಬಿಗುಮಾನ ಏನ್ ಬಾರ್ಡರ್ ಬರೀತದಾ?” ಎಂದಳು. ನೀನು ತವರಿಗೆ ಹೋಗುವ ಮುಂಚೆ ಲಿನಕ್ಸ್ ತುಂಬಿಸಿ ಇಟ್ಟಿದ್ದ ಪೆನ್‌ಡ್ರೈವು. ಆ ವಿಂಡೋಸನ್ನು ಕಂಪನಿಯವರೇ ಕೈಬಿಟ್ಟರು, ಅದರ ಬದಲಿಗೆ ಕಂಪ್ಯೂಟರ್ ನಡೆಸುವ ಈ ಪುಕ್ಕಟೆ ಲಿನಕ್ಸ್ ಒಂದು ಸಲ ನೋಡಿ ಮಾವ ಎಂದು ನೀನು ಏಪ್ರಿಲಿನಲ್ಲಿ ಮೂರು ಸಲ ಕೇಳಿದ್ದೆ. ಮೂರನೆಯ ಸಲ ನಾನು ಏನೆಂದೆನೋ ನಿನಗೂ ನೆನಪಿದೆ, ನನಗೂ ಇದೆ. “ಮಗ್ಗ ನಂದು, ಬಾರ್ಡರ್ ನಂದು. ನಿನ್ ಹತ್ರ ಪಾಠ ಕಲೀಬೇಕಾ ನಾನು? ತೆಗಿ ಕೈ!” ನೀನು ಮೌಸ್ ಬಿಟ್ಟು ಎದ್ದು ಹೋದೆ. ಬೈದಿದ್ದರೆ ಚೆನ್ನಾಗಿತ್ತು.

ಪೆನ್‌ಡ್ರೈವಿಗೆ ಸುತ್ತಿದ ಚೀಟಿಯಲ್ಲಿ ನಾಲ್ಕೇ ಸಾಲು. ಚುಚ್ಚಿ, ಆನ್ ಮಾಡಿ, ಎಫ್ ಹನ್ನೆರಡು ಒತ್ತಿ. ಹಳೆಯದನ್ನು ಇದು ಅಳಿಸುವುದಿಲ್ಲ, ಹಿಡಿಸದಿದ್ದರೆ ಕಿತ್ತುಬಿಡಿ. ಚುಚ್ಚಿದರೆ ಒಳಗೇ ಹೋಗಲೊಲ್ಲದು! ನೋಡುತ್ತೇನೆ, ನಿಮ್ಮತ್ತೆ ಪ್ರತಿ ಶುಕ್ರವಾರ ದೇವರ ಜೊತೆಗೆ ಅದರ ಮೂತಿಗೂ ಅರಿಶಿನ ಕುಂಕುಮ ಹಚ್ಚಿದ್ದಾಳೆ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದು, ಮನೆದೇವರನ್ನು ನೆನೆದು ಚುಚ್ಚಿದೆ. ಪರದೆ ಬೆಳಗಿತು. ನೀನು ಅದರಲ್ಲಿ ನಮ್ಮ ಮಗ್ಗದ ಫೋಟೋವನ್ನೇ ಹಾಕಿದ್ದೀಯ. ಎಡಗಡೆ ಮೇಲೆ ‘ಮಾವನ ಅಂಚುಗಳು’, ಹಳೆಯ ಜಾಗದಲ್ಲೇ. ಒತ್ತಿದರೆ ಹಂಸ, ಗೋಪುರ, ರುದ್ರಾಕ್ಷಿ ಸಾಲಾಗಿ ಬಂದು ಕೂತವು. ಕೆಟ್ಟದ್ದು ವಿಂಡೋಸ್ ಮಾತ್ರ, ಡಬ್ಬದೊಳಗಿದ್ದದ್ದೆಲ್ಲ ಹಾಗೇ ಇತ್ತು. ಹೋದ ಜೀವ ಬಂತು ಕಣಮ್ಮ. ಎಲ್ಲವನ್ನೂ ಒಂದೊಂದಾಗಿ ಎಣಿಸಿದೆ.

ನನಗೆ ಆಶ್ಚರ್ಯವಾದದ್ದು ಇನ್ನೊಂದು. ಅಂಚು ಬರೆಯುವ ಆ ಪ್ರೋಗ್ರಾಮು ಅಲ್ಲೂ ಅದೇ. ಕೈ ತಾನಾಗಿ ಓಡಿತು. ಎರಡು ವರ್ಷದ ಹಿಂದೆ, “ಇದು ಪುಕ್ಕಟೆ ಮಾವ, ಇದರಲ್ಲೇ ಬರೀರಿ” ಎಂದು ವಿಂಡೋಸಿನೊಳಗೇ ಅದನ್ನು ನನಗೆ ರೂಢಿ ಮಾಡಿಸಿದ್ದು ಯಾಕೆಂದು ಈಗ ತಿಳಿಯಿತು. ಮಗ್ಗಕ್ಕೆ ಉದ್ದೆಳೆಯ ಹೊಸ ಹಾಸು ಏರಿಸುವಾಗ ನಾವು ಹಳೆಯ ಎಳೆಗಳನ್ನು ಕಿತ್ತೆಸೆಯುತ್ತೇವೆಯೇ? ಹಳೆಯ ಎಳೆಯ ತುದಿಗೆ ಹೊಸ ಎಳೆ ಸೇರಿಸಿ ಕೆಚ್ಚುತ್ತೇವೆ, ಮೆಲ್ಲಗೆ ಎಳೆದುಕೊಂಡರೆ ಹೊಸದು ತಾನಾಗಿ ಮಗ್ಗದೊಳಕ್ಕೆ ಬರುತ್ತದೆ. ನೀನು ಎರಡು ವರ್ಷದಿಂದ ನನ್ನನ್ನು ಕೆಚ್ಚುತ್ತಿದ್ದೆ, ನನಗೆ ಗೊತ್ತೇ ಆಗಲಿಲ್ಲ.

ಸಂಜೆ ಬಂದ ಗಂಗಣ್ಣನಿಗೆ ಕಾಫಿ ಕೊಟ್ಟು ಕಳಿಸಿದೆ. ಈಗ ನಮ್ಮ ಬೀದಿಯಲ್ಲಿ ನಾನೇ ಮೇಷ್ಟ್ರು. ಎದುರುಮನೆ ವೆಂಕಟರಮಣಪ್ಪ ತನ್ನ ಕಂಪ್ಯೂಟರಿಗೂ ಹೀಗೇ ಆದರೆ ಗತಿಯೇನೆಂದು ಹೆದರಿ ಬಂದಿದ್ದ. ಬೋಧನೆ ಮಾಡಲಿಲ್ಲ. ಮೌಸನ್ನು ಅವನ ಕೈಗೆ ಕೊಟ್ಟು, ನನ್ನ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ನಿಂತೆ. ಅದೊಂದೇ ಕಷ್ಟವಾಗಿದ್ದು. ಕಾಲು ಗಂಟೆಯಲ್ಲಿ ಅವನು, “ಏನ್ ಗುರು, ಇದು ನಮ್ದರ ಥರಾನೇ ಐತಲ್ಲ!” ಎಂದ. ನಿನ್ನ ಚೀಟಿಯನ್ನು ಬರೆದುಕೊಂಡು ಹೋದ.

ಬಿಸಿನೀರು ಚೆನ್ನಾಗಿ ಹುಯ್ಯಿಸಿಕೋ. ಮೆಣಸಿನ ಸಾರು ಬೇಡವೆನ್ನಬೇಡ. ಬೀಗರಿಗೆ ನಮ್ಮ ನಮಸ್ಕಾರ, ಪುಟ್ಟಿಯ ಕೆನ್ನೆಗೆ ಅಜ್ಜಿಯದೊಂದು, ನನ್ನದೊಂದು ಮುತ್ತು. ನೂರು ಕಾಲ ಸುಖವಾಗಿರಿ.

ನಿನ್ನ ಮಾವ,
ರಾಮಲಿಂಗಯ್ಯ

ಮರೆತಿದ್ದೆ: ಎಣಿಸುವಾಗ ನನ್ನವು ಮುಗಿದ ಮೇಲೆ ‘ಸುಮ್ಮನೆ’ ಎಂಬ ಹೆಸರಿನಲ್ಲಿ ಇನ್ನೂ ಒಂಬತ್ತು ಅಂಚು ಸಿಕ್ಕವು. ಮೂಲೆ ಖಾಲಿ. ನೀನು ಬರೆದದ್ದೆಂದು ಯಾರೂ ಹೇಳಬೇಕಾಗಿಲ್ಲ. ಹುಣಸೆಕಾಯಿಯ ಸಾಲನ್ನು ಅಂಚಿಗೆ ತರುವುದು ನಲವತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಖಾಲಿ ಮೂಲೆಯಲ್ಲಿ ‘ಅ’ ಎಂದು ಹಾಕಿ, ಮಗ್ಗಕ್ಕೆ ಏರಿಸಿಬಿಟ್ಟಿದ್ದೇನೆ. ಮೊಳದುದ್ದ ಬಂದಿದೆ. ಮೊದಲ ಸೀರೆ ನಿನಗೇ ಎಂದು ನಿಮ್ಮತ್ತೆ ಆಗಲೇ ಹೇಳಿಟ್ಟಿದ್ದಾಳೆ. ನಿನ್ನನ್ನು ಕೇಳದೆ ಮುಟ್ಟಿದ್ದು ತಪ್ಪೇ. ಬೇಗ ಬಂದು, “ತೆಗೀರಿ ಕೈ” ಎಂದು ನನ್ನನ್ನೂ ಒಂದು ಸಲ ಗದರಿಸು.